ವೇಲ್ಸ್‌ನ ಚರ್ಚು ಪುಸ್ತಕದಲ್ಲಿ ಮನೆಯ ಹಿರಿಯರನ್ನು ಹುಡುಕೋದು ಹೇಗೆ

ಮಂಡ್ಯದ ಸಂತೆಯಲ್ಲಿ ನಿಂತು "ಶಿವಣ್ಣಾ" ಅಂತ ಕೂಗಿದರೆ ಎಷ್ಟು ಜನ ತಿರುಗಿ ನೋಡುತ್ತಾರೋ, ವೇಲ್ಸ್‌ನ ಹಳೇ ಚರ್ಚು ಪುಸ್ತಕದಲ್ಲಿ ಡೇವಿಡ್ ಡೇವಿಸ್ ಅಂತ ಹುಡುಕಿದರೂ ಹೆಚ್ಚು ಕಡಿಮೆ ಅಷ್ಟೇ ಜನ ಸಿಗುತ್ತಾರೆ. ನನ್ನ ಗಂಡನ ಕಡೆಯವರು ಪಶ್ಚಿಮ ವೇಲ್ಸ್‌ನ ಕಾರ್ಡಿಗನ್‌ಶೈರ್‌ನವರು. ಮಗಳಿಗೆ ಶಾಲೆಯಲ್ಲಿ ವಂಶವೃಕ್ಷ ಬರೆದುಕೊಂಡು ಬರೋಕೆ ಹೇಳಿದರು. ನನ್ನ ಕಡೆಯದು ಅಮ್ಮನಿಗೆ ಒಂದು ಫೋನ್ ಮಾಡಿದ ಕೂಡಲೇ ಮುಗಿಯಿತು. ಅಪ್ಪನ ಕಡೆಯದು ಹುಡುಕೋಕೆ ಹೋಗಿ ನಾಲ್ಕು ತಿಂಗಳು ತಪ್ಪು ಡೇವಿಡ್ ಹಿಂದೆ ಬಿದ್ದೆ. ಇಲ್ಲಿ ಆಸ್ಪತ್ರೆ, ಕಂಪನಿ ಕೆಲಸಕ್ಕೆ ಬಂದು ಇಲ್ಲಿಯವರನ್ನೇ ಮದುವೆಯಾದ ಕನ್ನಡದವರು ಈಗ ಸುಮಾರು ಜನ ಇದ್ದೀರಿ. ನಿಮಗಾದರೂ ಆ ನಾಲ್ಕು ತಿಂಗಳು ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಚರ್ಚು ಪುಸ್ತಕದಲ್ಲಿ ಯಾರನ್ನು ಯಾವಾಗ ಮಣ್ಣು ಮಾಡಿದರು ಅನ್ನೋ ದಾಖಲೆ ಅಂದರೆ ಸತ್ತವರ ಪಟ್ಟಿ ತಾನೇ, ಹುಟ್ಟು ಮತ್ತು ಮದುವೆ ಸಿಕ್ಕರೆ ಸಾಕಲ್ವಾ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಾನೂ ಅಂದುಕೊಂಡಿದ್ದೆ. ಆದರೆ ಯಾರು ನಿಮ್ಮವರಲ್ಲ ಅನ್ನೋದನ್ನು ಖಡಾಖಂಡಿತವಾಗಿ ಹೇಳೋ ಪುಸ್ತಕ ಇದೊಂದೇ. ಅದು ಹೇಗೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಮನೆಯಲ್ಲೇ ಹುಡುಕಿ

ಇಂಟರ್ನೆಟ್‌ಗೆ ಆಮೇಲೆ ಹೋಗಿ. ಅತ್ತೆ, ಮಾವ, ಅವರ ಅಣ್ಣತಮ್ಮಂದಿರು ಯಾರಿದ್ದಾರೋ ಅವರ ಹತ್ತಿರ ಕೂತು ಮೂರು ವಿಷಯ ಕೇಳಿ: ಊರು ಯಾವುದು, ಮನೆ ಅಥವಾ ತೋಟದ ಹೆಸರೇನು, ಚರ್ಚಿಗೆ ಹೋಗುತ್ತಿದ್ದರೋ ಚಾಪೆಲ್‌ಗೆ (ಅಧಿಕೃತ ಚರ್ಚಿನಿಂದ ಬೇರೆಯಾದ ಪಂಗಡಗಳ ಪ್ರಾರ್ಥನಾ ಮನೆ) ಹೋಗುತ್ತಿದ್ದರೋ. ಮನುಷ್ಯರ ಹೆಸರು ಆಮೇಲೆ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಮನೆ ಹೆಸರು ಹಿಡಿದು ಜನರನ್ನು ಗುರುತಿಸುತ್ತೀವಲ್ಲ, ಇಲ್ಲಿಯ ಹಳ್ಳಿಗಳಲ್ಲೂ ಹಾಗೇ. ಒಂದೇ ಪ್ಯಾರಿಷ್‌ನಲ್ಲಿ, ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಜಾಗದಲ್ಲಿ, ಹತ್ತು ಡೇವಿಡ್ ಡೇವಿಸ್ ಇರಬಹುದು, "ಪಂತ್-ಗ್ಲಾಸ್ ಮನೆಯ ಡೇವಿಡ್" ಒಬ್ಬನೇ. ಪಂತ್-ಗ್ಲಾಸ್ ಅಂದರೆ ಹಸಿರು ತಗ್ಗು. ಈ ಹೆಸರಿನ ತೋಟದ ಮನೆಗಳೂ ವೇಲ್ಸ್ ತುಂಬಾ ಇವೆ ಅನ್ನಿ, ಆದರೆ ಒಂದು ಪ್ಯಾರಿಷ್ ಒಳಗೆ ಸಾಮಾನ್ಯವಾಗಿ ಒಂದೇ.

ನಮ್ಮತ್ತೆ ಹಳೇ ಬೈಬಲ್ ಒಳಗಿಂದ ಕಪ್ಪು ಅಂಚಿನ ಒಂದು ಕಾರ್ಡು ತೆಗೆದುಕೊಟ್ಟರು. ಆ ಕಾಲದಲ್ಲಿ ಯಾರಾದರೂ ತೀರಿಕೊಂಡರೆ ನೆನಪಿಗೆ ಅಂತ ಅಚ್ಚು ಹಾಕಿಸಿ ಹಂಚುತ್ತಿದ್ದರು. ಕಾರ್ಡು ಪೂರ್ತಿ ವೆಲ್ಷ್ ಭಾಷೆಯಲ್ಲಿತ್ತು. ಡೇವಿಡ್ ಡೇವಿಸ್, ಪಂತ್-ಗ್ಲಾಸ್, 1889, ಆಮೇಲೆ ವಯಸ್ಸು. ವಯಸ್ಸಿನ ಎರಡನೇ ಅಂಕಿ ಮೇಲೆ ತೇವದ ಕಲೆ ಕೂತಿತ್ತು. ನಾನು 77 ಅಂತ ಓದಿಕೊಂಡೆ. ಎಲ್ಲಾ ಎಡವಟ್ಟು ಶುರುವಾಗಿದ್ದು ಅಲ್ಲಿಂದಲೇ.

ಪ್ಯಾರಿಷ್ ಯಾವುದು ಅಂತ ಗಟ್ಟಿ ಮಾಡಿಕೊಳ್ಳಿ

ವೇಲ್ಸ್‌ನ ಅರ್ಧ ಊರುಗಳ ಹೆಸರು "ಲಾನ್" ಅಂತ ಶುರುವಾಗುತ್ತದೆ ಅನ್ನಿಸಿಬಿಡುತ್ತದೆ. ಲಾನ್ ಅಂದರೆ ಚರ್ಚು ಮತ್ತು ಅದರ ಸುತ್ತಿನ ಜಾಗ, ಅದರ ಮುಂದೆ ಸಂತನ ಹೆಸರು. ಲಾನ್ವೈರ್ ಅಂದರೆ ಮೇರಿಯ ಚರ್ಚು, ಲಾನ್ವಿಹಾಂಗೆಲ್ ಅಂದರೆ ಮೈಕಲ್‌ನ ಚರ್ಚು. ಹೀಗಾಗಿ ಲಾನ್ವಿಹಾಂಗೆಲ್‌ಗಳು ಡಜನ್‌ಗಟ್ಟಲೆ ಇವೆ. ಬಾಲದಲ್ಲಿ ಏನಿದೆ ನೋಡಿ: ಲಾನ್ವಿಹಾಂಗೆಲ್-ಅ-ಕ್ರೈದಿನ್ ಬೇರೆ, ಲಾನ್ವಿಹಾಂಗೆಲ್ ಗ್ಲಿನ್ ಮವಿರ್ ಬೇರೆ. ಬಾಲ ಬಿಟ್ಟು ಹುಡುಕಿದರೆ ನೂರು ಮೈಲಿ ಆಚೆಗಿನ ಯಾರನ್ನೋ ಮನೆಗೆ ಕರೆತಂದಿರುತ್ತೀರಿ.

ಜಿಲ್ಲೆಯ ವಿಷಯದಲ್ಲೂ ಹುಷಾರು. 1974ರಲ್ಲಿ ಹಳೇ 13 ಕೌಂಟಿಗಳನ್ನು ಒಡೆದು ಡಿವೆಡ್, ಗ್ವಿನೆದ್ ಅಂತ ಹೊಸದು ಮಾಡಿದರು. 1996ರಲ್ಲಿ ಅದನ್ನೂ ಬದಲಿಸಿ 22 ಮಾಡಿದರು. ಹಳೇ ದಾಖಲೆಗಳೆಲ್ಲ ಹಳೇ ಕೌಂಟಿ ಹೆಸರಲ್ಲೇ ಇವೆ. ಕಾರ್ಡಿಗನ್‌ಶೈರ್, ಗ್ಲಾಮರ್ಗನ್, ಮೆರಿಯೋನೆತ್‌ಶೈರ್ ಅಂತಲೇ ಹುಡುಕಿ.

ಯಾವ ವರ್ಷಕ್ಕೆ ಎಷ್ಟು ಸಿಗುತ್ತದೆ

ಪ್ಯಾರಿಷ್‌ಗಳು ಮಕ್ಕಳ ದೀಕ್ಷಾಸ್ನಾನ, ಮದುವೆ, ಮಣ್ಣು ಮಾಡಿದ್ದು ಬರೆದಿಡಬೇಕು ಅಂತ ಆಜ್ಞೆಯಾಗಿದ್ದು 1538ರಲ್ಲಿ. ವೇಲ್ಸ್‌ನಲ್ಲಿ ಅಷ್ಟು ಹಳೆಯದು ಉಳಿದಿರೋದು ತೀರಾ ಕಡಿಮೆ. 1660ಕ್ಕಿಂತ ಹಳೆಯದು ಸಿಕ್ಕರೆ ಅದೃಷ್ಟ ಅಂದುಕೊಳ್ಳಿ. 1640-50ರ ದಶಕದಲ್ಲಿ ಅಂತರ್ಯುದ್ಧದಿಂದಾಗಿ ಎಲ್ಲಾ ಕಡೆ ತೂತುಗಳಿವೆ.

1733ಕ್ಕಿಂತ ಮುಂಚಿನ ಹಲವು ಪುಸ್ತಕಗಳು ಲ್ಯಾಟಿನ್‌ನಲ್ಲಿವೆ. ಹೆದರಬೇಡಿ, "ಸೆಪುಲ್ಟುಸ್" ಅಂದರೆ ಗಂಡಸನ್ನು ಮಣ್ಣು ಮಾಡಿದ್ದು, "ಸೆಪುಲ್ಟಾ" ಅಂದರೆ ಹೆಂಗಸನ್ನು. ಅಷ್ಟು ಗೊತ್ತಿದ್ದರೆ ಮುಕ್ಕಾಲು ಪಾಲು ಓದಬಹುದು. ಇನ್ನೊಂದು ಗುಂಡಿ ಇದೆ: 1752ಕ್ಕೆ ಮುಂಚೆ ಇಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಪುಸ್ತಕದಲ್ಲಿ 1720ರ ಫೆಬ್ರವರಿ ಅಂತ ಇದ್ದರೆ ನಮ್ಮ ಲೆಕ್ಕಕ್ಕೆ ಅದು 1721. ಅಪ್ಪ ಫೆಬ್ರವರಿಯಲ್ಲಿ ಸತ್ತು, ಅದೇ ವರ್ಷದ ಏಪ್ರಿಲ್‌ನಲ್ಲಿ ಚರ್ಚಿಗೆ ಬಂದು ಮದುವೆಯಾದ ಹಾಗೆ ಕಾಣಿಸಿದರೆ ಗಾಬರಿಯಾಗಬೇಡಿ, ಮದುವೆಯೇ ಮೊದಲು ಆಗಿರೋದು.

1783ರಿಂದ 1794ರವರೆಗೆ ಪ್ರತಿ ನಮೂದಿಗೂ 3 ಪೆನ್ನಿ ತೆರಿಗೆ ಇತ್ತು, ಬಡವರಿಗೆ ಮಾತ್ರ ಮಾಫಿ. ಆ ಹನ್ನೊಂದು ವರ್ಷದಲ್ಲಿ ಹೆಸರಿನ ಪಕ್ಕ ಬಡವ ಅಂತ ಗುರುತು ಇದ್ದರೆ ನಿಜಕ್ಕೂ ಬಡವರೇ ಇರಬಹುದು, ಅಥವಾ ಪಾದ್ರಿ ಪುಣ್ಯಾತ್ಮನಾಗಿರಬಹುದು.

ದೊಡ್ಡ ಬದಲಾವಣೆ 1813ರ ಜನವರಿ 1ರಿಂದ. ಅಲ್ಲಿಯವರೆಗೆ ಒಂದೇ ಪುಸ್ತಕದಲ್ಲಿ ದೀಕ್ಷಾಸ್ನಾನ, ಸಾವು ಎಲ್ಲವನ್ನೂ ಪಾದ್ರಿ ತನಗೆ ತೋಚಿದ ಹಾಗೆ ಗೀಚುತ್ತಿದ್ದ. ಆಮೇಲೆ ಅಚ್ಚು ಹಾಕಿದ ಪುಸ್ತಕ ಬಂತು, ಪುಟಕ್ಕೆ ಎಂಟು ನಮೂದು. ಹೆಸರು, ವಾಸದ ಜಾಗ, ಮಣ್ಣು ಮಾಡಿದ ದಿನ, ವಯಸ್ಸು, ಪಾದ್ರಿಯ ಸಹಿ. ಇಷ್ಟೇ. ಅಪ್ಪನ ಹೆಸರಿಗೆ ಕಾಲಂ ಇಲ್ಲ, ಗಂಡ-ಹೆಂಡತಿ ಹೆಸರಿಗೆ ಕಾಲಂ ಇಲ್ಲ, ಸಾವಿಗೆ ಕಾರಣ ಇಲ್ಲ. ಮುಂಚೆ ಸುಮ್ನೆ ಗೀಚುತ್ತಿದ್ದಾಗ "ಇಂಥವನ ಮಗ" ಅಂತಾದರೂ ಬರೆಯುತ್ತಿದ್ದರು, ಫಾರಂ ಬಂದ ಮೇಲೆ ಅದೂ ಹೋಯಿತು. ಅದಕ್ಕೇ ಹೇಳಿದ್ದು, ವಾಸದ ಜಾಗದ ಆ ಒಂದು ಕಾಲಂ ಬಂಗಾರ.

1837ರ ಜುಲೈ 1ರಿಂದ ಸರ್ಕಾರಿ ಜನನ-ಮರಣ ನೋಂದಣಿ ಶುರುವಾಯಿತು. ಅಲ್ಲಿಂದ ಮುಂದಕ್ಕೆ ಎರಡು ದಾಖಲೆಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು.

ಎಲ್ಲಿ ನೋಡಬೇಕು

ದುಡ್ಡು ಕೊಡುವ ಮುಂಚೆ ಪುಕ್ಕಟೆ ಸಿಗೋದನ್ನು ಮುಗಿಸಿ. ಫ್ರೀರೆಗ್ ಮತ್ತು ಫ್ಯಾಮಿಲಿಸರ್ಚ್ ಎರಡೂ ಉಚಿತ. ಇವುಗಳಲ್ಲಿ ಸೂಚಿ ಸಿಗುತ್ತದೆ, ಅಂದರೆ ಯಾರೋ ಪುಸ್ತಕ ಓದಿ ಟೈಪ್ ಮಾಡಿದ್ದು. ಪುಸ್ತಕದ ಪುಟಗಳ ಫೋಟೋ ಬೇಕು ಅಂದರೆ ಫೈಂಡ್‌ಮೈಪಾಸ್ಟ್‌ನಲ್ಲಿ ವೇಲ್ಸ್‌ನ ಪ್ಯಾರಿಷ್ ಪುಸ್ತಕಗಳು ಜಾಸ್ತಿ ಇವೆ. ಅದಕ್ಕೆ ಚಂದಾ ಕಟ್ಟಬೇಕು. ಆದರೆ ಹಲವು ಸಾರ್ವಜನಿಕ ಗ್ರಂಥಾಲಯಗಳ ಕಂಪ್ಯೂಟರ್‌ನಲ್ಲಿ ಇಂಥ ತಾಣಗಳನ್ನು ದುಡ್ಡಿಲ್ಲದೆ ನೋಡಬಹುದು, ನಿಮ್ಮೂರಿನ ಲೈಬ್ರರಿಯಲ್ಲಿ ಒಮ್ಮೆ ಕೇಳಿ.

ಅಬೆರಿಸ್ಟ್‌ವಿತ್‌ನಲ್ಲಿ ಬೆಟ್ಟದ ಮೇಲೆ ಸಮುದ್ರ ನೋಡಿಕೊಂಡು ಕೂತಿರೋ ವೇಲ್ಸ್ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಮ್ಮೆಯಾದರೂ ಹೋಗಿ. ಅಲ್ಲಿ ಬಿಷಪ್ ಪ್ರತಿಗಳು ಇವೆ. ಪ್ರತಿ ಪಾದ್ರಿಯೂ ವರ್ಷಕ್ಕೊಮ್ಮೆ ತನ್ನ ಪುಸ್ತಕದ ನಕಲು ಮಾಡಿ ಬಿಷಪ್‌ಗೆ ಕಳಿಸಬೇಕಿತ್ತು. ಮೂಲ ಪುಸ್ತಕವನ್ನು ಇಲಿ ತಿಂದಿದ್ದರೂ ನಕಲು ಉಳಿದಿರಬಹುದು. ಕೆಲವೊಮ್ಮೆ ಮೂಲದಲ್ಲಿ ಇಲ್ಲದ ಒಂದು ಮಾತು ನಕಲಿನಲ್ಲಿ ಇರುತ್ತದೆ, ಮನೆ ಹೆಸರು ಬಿಟ್ಟದ್ದನ್ನು ನಕಲಿನಲ್ಲಿ ಸೇರಿಸಿರುತ್ತಾರೆ, ಅಥವಾ ಉಲ್ಟಾ. ಎರಡನ್ನೂ ನೋಡಿ. ಇದಲ್ಲದೆ ಕಾರ್ಡಿಫ್‌ನಲ್ಲಿ ಗ್ಲಾಮರ್ಗನ್ ದಾಖಲೆಗಳು, ಎಬು ವೇಲ್‌ನಲ್ಲಿ ಗ್ವೆಂಟ್‌ನವು, ಕೆರ್ನಾರ್ವನ್ ಮತ್ತು ಡೊಲ್ಗೆಲ್ಲೈನಲ್ಲಿ ಗ್ವಿನೆದ್‌ನವು, ಹೀಗೆ ಪ್ರತಿ ಪ್ರಾಂತ್ಯಕ್ಕೂ ದಾಖಲೆಮನೆ ಇದೆ.

ಸೂಚಿಯನ್ನೇ ನಂಬಿ ಕೂರಬೇಡಿ. ಟೈಪ್ ಮಾಡಿದವರಿಗೆ ವೆಲ್ಷ್ ಬರದಿದ್ದರೆ ಮನೆ ಹೆಸರನ್ನು ಏನೇನೋ ಮಾಡಿರುತ್ತಾರೆ. ಸೂಚಿ ನೋಡಿ ಪುಟ ಹುಡುಕಿ, ಪುಟ ನೋಡಿ ತೀರ್ಮಾನ ಮಾಡಿ.

ಹೆಸರಿನ ಗೋಜಲು

ಇದನ್ನು ಅರ್ಥ ಮಾಡಿಕೊಳ್ಳೋಕೆ ಇಂಗ್ಲಿಷಿನವರಿಗೆ ವಾರಗಟ್ಟಲೆ ಬೇಕಾಗುತ್ತದೆ. ನಮಗೆ ಬೇಡ. ಪಾಸ್‌ಪೋರ್ಟ್ ಫಾರಂನಲ್ಲಿ ಸರ್‌ನೇಮ್ ಅಂದರೆ ಅಪ್ಪನ ಹೆಸರು ಹಾಕಬೇಕೋ ಊರ ಹೆಸರು ಹಾಕಬೇಕೋ ಅಂತ ತಲೆ ಕೆರೆದುಕೊಂಡವರು ನಾವು. ವೇಲ್ಸ್‌ನಲ್ಲೂ ಮನೆತನದ ಹೆಸರು ಅಂತ ಇರಲಿಲ್ಲ, ಅಪ್ಪನ ಹೆಸರೇ ಎರಡನೇ ಹೆಸರು. ಮಗನಾದರೆ ನಡುವೆ "ಆಪ್" ಅಥವಾ "ಆಬ್", ಮಗಳಾದರೆ "ವೆರ್ಖ್". ಆಪ್ ರೀಸ್ ಹೋಗಿ ಪ್ರೈಸ್ ಆಯಿತು, ಆಪ್ ಹವೆಲ್ ಹೋಗಿ ಪೊವೆಲ್, ಆಬ್ ಓವೆನ್ ಹೋಗಿ ಬೋವೆನ್, ಆಪ್ ಹ್ಯೂ ಹೋಗಿ ಪ್ಯೂ. ಸಿರಿವಂತರು ಮೊದಲು ಹೆಸರು ಗಟ್ಟಿ ಮಾಡಿಕೊಂಡರು. ಉತ್ತರ ಮತ್ತು ಪಶ್ಚಿಮದ ಹಳ್ಳಿಗಳಲ್ಲಿ 1800 ದಾಟಿದ ಮೇಲೂ ಹಳೇ ಪದ್ಧತಿಯೇ ನಡೆದಿತ್ತು. ವಿಲಿಯಂ ಜೋನ್ಸ್ ಅನ್ನುವವನ ಮಗ ಜಾನ್ ವಿಲಿಯಮ್ಸ್, ಅವನ ಮಗ ಥಾಮಸ್ ಜೋನ್ಸ್. ಮೂರೂ ಒಂದೇ ಮನೆ.

ಹೆಂಗಸರ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಮದುವೆಯಾದ ಮೇಲೂ ತವರಿನ ಹೆಸರನ್ನೇ ಇಟ್ಟುಕೊಳ್ಳುತ್ತಿದ್ದರು. ಥಾಮಸ್ ರೀಸ್ ಹೆಂಡತಿಯನ್ನು ಮಾರ್ಗರೆಟ್ ರೀಸ್ ಅಂತ ಹುಡುಕಿ ಸಿಗಲಿಲ್ಲ ಅಂದರೆ, ಅವಳನ್ನು ಮಾರ್ಗರೆಟ್ ಇವಾನ್ ಅಂತ ಮಣ್ಣು ಮಾಡಿರುತ್ತಾರೆ. ಕೈ ಚೆಲ್ಲುವ ಮುಂಚೆ ಅವಳ ಅಪ್ಪನ ಹೆಸರಿನಲ್ಲಿ ಒಮ್ಮೆ ಹುಡುಕಿ.

ಮನೆಯಲ್ಲಿ ಕರೆಯೋದು ಒಂದು, ಪುಸ್ತಕದಲ್ಲಿ ಇನ್ನೊಂದು. ಮನೆಯಲ್ಲಿ ಷಾನ್, ಪುಸ್ತಕದಲ್ಲಿ ಜೇನ್. ಶೋನ್ ಅಂದರೆ ಜಾನ್, ದಾವಿದ್ ಅಂದರೆ ಡೇವಿಡ್, ಲೌರಿ ಅಂದರೆ ಲಾರಾ, ಐಯಾನ್ ಅಂದರೆ ಇವಾನ್. ಪಾದ್ರಿ ಬರೆಯುತ್ತಿದ್ದದ್ದು ಬಹುಪಾಲು ಇಂಗ್ಲಿಷಿನಲ್ಲಿ, ಕಲ್ಲಿನ ಮೇಲೆ ಕೆತ್ತಿಸುತ್ತಿದ್ದದ್ದು ವೆಲ್ಷ್‌ನಲ್ಲಿ. ಸೂಚಿಯಲ್ಲಿ ಎರಡೂ ರೂಪ ಹಾಕಿ ನೋಡಿ.

ಒಬ್ಬನನ್ನು ಆರಿಸುವ ಮುಂಚೆ ಉಳಿದವರನ್ನು ಸಾಯಿಸಿ

ಮಾತು ಒರಟಾಯಿತು, ಆದರೆ ಕೆಲಸ ಇದೇ. ನಾನು ಮಾಡಿದ ತಪ್ಪು ನೋಡಿ. 1889ರಲ್ಲಿ 77 ವರ್ಷ ಅಂದರೆ ಹುಟ್ಟಿದ್ದು 1812. ಆ ಪ್ಯಾರಿಷ್‌ನ ದೀಕ್ಷಾಸ್ನಾನದ ಪುಸ್ತಕ ತೆಗೆದರೆ 1812ರಲ್ಲಿ ಒಬ್ಬ ಡೇವಿಡ್ ಇದ್ದಾನೆ, ಅಪ್ಪ ಡೇವಿಡ್, ಅಮ್ಮ ಮೇರಿ. ಖುಷಿಯಾಯಿತು. ಬರೆದುಕೊಂಡೆ. ಅವನಿಂದ ಹಿಂದಕ್ಕೆ ಹೋಗಿ ಇನ್ನೆರಡು ತಲೆಮಾರು ಕಟ್ಟಿ, ಬಣ್ಣದ ಪೆನ್ನಿನಲ್ಲಿ ಚಾರ್ಟ್ ಬರೆದು ಅತ್ತೆಗೂ ತೋರಿಸಿದೆ.

ಆಮೇಲೆ ಅವರ ದೂರದ ಸಂಬಂಧಿಯೊಬ್ಬರು ಚಹಾಕ್ಕೆ ಬಂದಿದ್ದರು. ಈ ಹುಡುಕಾಟದಲ್ಲಿ ಪಳಗಿದ ಹೆಂಗಸು. ಚಾರ್ಟ್ ಮೇಲೆ ಕಣ್ಣಾಡಿಸಿ ಒಂದೇ ಪ್ರಶ್ನೆ ಕೇಳಿದರು: "ಈ ಮಗು ಬದುಕಿತ್ತಾ?"

ನೋಡಿರಲಿಲ್ಲ. ಅವತ್ತು ರಾತ್ರಿಯೇ ಸಾವಿನ ಪುಸ್ತಕದ ಪುಟಗಳನ್ನು 1813ರಿಂದ ಒಂದೊಂದಾಗಿ ತಿರುಗಿಸಿದೆ. 1815ರ ಪುಟದಲ್ಲಿ, ಎಂಟು ನಮೂದುಗಳಲ್ಲಿ ಐದನೆಯದು: ಡೇವಿಡ್ ಡೇವಿಸ್, ಪಂತ್-ಗ್ಲಾಸ್, ವಯಸ್ಸು 3. ಅದರ ಮೇಲಿನದ್ದು ಎಂಬತ್ತು ದಾಟಿದ ಒಬ್ಬ ವಿಧವೆ, ಕೆಳಗಿನದ್ದು ಇನ್ನೊಂದು ಮಗು. ಒಂದೇ ಕೈಬರಹ, ಒಂದೇ ಮಸಿ. ನನ್ನ ಚಾರ್ಟ್‌ನ ಹಿರೀತಲೆ ಮೂರು ವರ್ಷಕ್ಕೇ ಹೋಗಿಬಿಟ್ಟಿದ್ದ.

ಮತ್ತೆ ದೀಕ್ಷಾಸ್ನಾನದ ಪುಸ್ತಕಕ್ಕೆ ವಾಪಸ್ಸು. 1816ರಲ್ಲಿ ಅದೇ ಅಪ್ಪ ಅಮ್ಮ, ಅದೇ ಪಂತ್-ಗ್ಲಾಸ್, ಇನ್ನೊಬ್ಬ ಮಗ. ಹೆಸರು ಮತ್ತೆ ಡೇವಿಡ್. ಸತ್ತ ಮಗುವಿನ ಹೆಸರನ್ನೇ ಮುಂದಿನ ಮಗುವಿಗೆ ಇಡೋದು ಇಲ್ಲಿ ತೀರಾ ಮಾಮೂಲಿ. 1889ರ ಸಾವಿನ ನಮೂದಿನ ಮೂಲ ಪುಟ ತೆಗೆದು ನೋಡಿದರೆ ವಯಸ್ಸು 73 ಅಂತ ಸ್ಪಷ್ಟವಾಗಿ ಇದೆ. ಕಾರ್ಡನ್ನು ಕಿಟಕಿ ಬೆಳಕಿಗೆ ಹಿಡಿದರೆ ಕಲೆಯ ಕೆಳಗೆ ಇದ್ದದ್ದೂ 3.

ನನ್ನ ಅದೃಷ್ಟಕ್ಕೆ ಅಪ್ಪ ಅಮ್ಮ ಅವರೇ, ಹಾಗಾಗಿ ಮೇಲಿನ ತಲೆಮಾರುಗಳು ಉಳಿದವು ಅಂದುಕೊಂಡೆ. ಅದೂ ಪೂರ್ತಿ ನಿಜವಾಗಲಿಲ್ಲ. ಅಪ್ಪನಿಗೂ ಇದೇ ಪರೀಕ್ಷೆ ಮಾಡಿದಾಗ ಅವನ ಜಾಗದಲ್ಲೂ ನಾನು ಬೇರೆ ಮನೆಯವನನ್ನು ಕೂರಿಸಿದ್ದೆ ಅಂತ ಗೊತ್ತಾಯಿತು.

ಹಾಗಾಗಿ ನಿಯಮ ಇಷ್ಟೇ. ಒಂದು ದೀಕ್ಷಾಸ್ನಾನ ಸಿಕ್ಕಿದ ಕೂಡಲೇ, ಅದೇ ಹೆಸರಿನ ಮಗು ಮುಂದಿನ ಹತ್ತು ವರ್ಷದಲ್ಲಿ ಸತ್ತಿದೆಯಾ ಅಂತ ಸಾವಿನ ಪುಸ್ತಕದಲ್ಲಿ ಪುಟಪುಟ ನೋಡಿ. ಅದೇ ವಯಸ್ಸಿನ ಎರಡು ಮೂರು ಜನ ಇದ್ದರೆ ಎಲ್ಲರನ್ನೂ ಕಾಗದದ ಮೇಲೆ ಬರೆದು, ಒಬ್ಬೊಬ್ಬರದೇ ಸಾವು ಹುಡುಕಿ ಹೊಡೆದು ಹಾಕುತ್ತಾ ಬನ್ನಿ. ಉಳಿದವನು ನಿಮ್ಮವನು ಇರಬಹುದು. 1841ರಿಂದ ಹತ್ತು ವರ್ಷಕ್ಕೊಮ್ಮೆ ಜನಗಣತಿ ಇದೆ, ಅದರಲ್ಲೂ ಮನೆ ಹೆಸರು ಇರುತ್ತದೆ, ಅದರ ಜೊತೆ ತಾಳೆ ಮಾಡಿ. ವಯಸ್ಸನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ, ಹೇಳಿದವರು ಅಂದಾಜಿನಲ್ಲಿ ಹೇಳಿರುತ್ತಾರೆ. 70, 80 ಅಂತ ದುಂಡಗೆ ಇದ್ದರಂತೂ ಅನುಮಾನ ಪಡಿ.

ಪುಸ್ತಕದಲ್ಲಿ ಇಲ್ಲವೇ ಇಲ್ಲ ಅಂದರೆ

1800ರ ದಶಕದಲ್ಲಿ ವೇಲ್ಸ್‌ನ ಹೆಚ್ಚಿನ ಜನ ಚರ್ಚ್ ಬಿಟ್ಟು ಚಾಪೆಲ್ ಕಡೆ ಹೋದರು. ಮೆಥಡಿಸ್ಟ್, ಬ್ಯಾಪ್ಟಿಸ್ಟ್, ಇಂಡಿಪೆಂಡೆಂಟ್ ಹೀಗೆ. ಚಾಪೆಲ್‌ಗೆ ಸ್ವಂತ ಸ್ಮಶಾನ ಇದ್ದರೆ ಅಲ್ಲಿರಬಹುದು. 1837ಕ್ಕೆ ಮುಂಚಿನ ಎಷ್ಟೋ ಚಾಪೆಲ್ ಪುಸ್ತಕಗಳನ್ನು ಸರ್ಕಾರ ತರಿಸಿಕೊಂಡಿತು, ಅವು ಲಂಡನ್ನಿನ ಕ್ಯೂನಲ್ಲಿರೋ ರಾಷ್ಟ್ರೀಯ ದಾಖಲೆಮನೆಯಲ್ಲಿವೆ. ಜಾಗ ಇಲ್ಲದ ಚಾಪೆಲ್‌ನವರು ಪ್ಯಾರಿಷ್ ಚರ್ಚಿನ ಸ್ಮಶಾನಕ್ಕೇ ಬರಬೇಕಿತ್ತು, ಬಂದರೆ ಚರ್ಚಿನ ಪಾದ್ರಿಯೇ ಮಂತ್ರ ಹೇಳಬೇಕಿತ್ತು. 1880ರ ಕಾನೂನು ಇದನ್ನು ಬದಲಿಸಿತು. ಆಮೇಲಿನ ಪುಟಗಳಲ್ಲಿ ಪಾದ್ರಿ ಸಹಿಯ ಜಾಗದಲ್ಲಿ "ಈ ಕಾನೂನಿನ ಪ್ರಕಾರ" ಅಂತ ಷರಾ ಇದ್ದರೆ ಅವರು ಚಾಪೆಲ್‌ನವರು ಅಂತ ಅರ್ಥ, ಮುಂದಿನ ಹುಡುಕಾಟ ಎಲ್ಲಿ ಅಂತ ಅದೇ ಹೇಳುತ್ತದೆ.

ಕಾನೂನು ಬಂದರೂ ಜಗಳ ನಿಲ್ಲಲಿಲ್ಲ. 1888ರಲ್ಲಿ ಲಾನ್‌ವ್ರೋಥೆನ್ ಅನ್ನುವ ಊರಲ್ಲಿ ಕಲ್ಲುಗಣಿ ಕೆಲಸದ ರಾಬರ್ಟ್ ರಾಬರ್ಟ್ಸ್, ತನ್ನನ್ನು ಮಗಳ ಪಕ್ಕದಲ್ಲೇ ಮಣ್ಣು ಮಾಡಿ ಅಂತ ಹೇಳಿ ತೀರಿಕೊಂಡ. ಪಾದ್ರಿ ಒಪ್ಪಲಿಲ್ಲ, ಗೇಟಿಗೆ ಬೀಗ. ಒಬ್ಬ ಎಳೇ ವಕೀಲ, ಕಾನೂನು ನಿಮ್ಮ ಕಡೆ ಇದೆ, ಒಳಗೆ ಹೋಗಿ ಅಂದ. ಮನೆಯವರು ಒಳನುಗ್ಗಿ ಮಣ್ಣು ಮಾಡಿದರು. ಕೇಸು ಲಂಡನ್ನಿನವರೆಗೂ ಹೋಗಿ ಮನೆಯವರೇ ಗೆದ್ದರು. ಆ ವಕೀಲ ಡೇವಿಡ್ ಲಾಯ್ಡ್ ಜಾರ್ಜ್, ಮುಂದೆ ಬ್ರಿಟನ್ನಿನ ಪ್ರಧಾನಿ.

ಗಣಿ ಊರುಗಳದ್ದು ಬೇರೆ ಕಥೆ. 1849ರ ಕಾಲರಾದಲ್ಲಿ ಮರ್ಥರ್ ಟಿಡ್ವಿಲ್ ಒಂದರಲ್ಲೇ 1,400ಕ್ಕೂ ಹೆಚ್ಚು ಜನ ಸತ್ತರು. ಟ್ರೆಡೀಗರ್ ಹತ್ತಿರ ಕೆವ್ನ್ ಗೊಲೈ ಅನ್ನುವ ಗುಡ್ಡದ ಮೇಲೆ ಕಾಲರಾದವರಿಗೇ ಅಂತ ಬೇರೆ ಸ್ಮಶಾನ ಇದೆ. 1850ರ ದಶಕದಿಂದ ಊರಿನ ಸಾರ್ವಜನಿಕ ಸ್ಮಶಾನಗಳು ಬಂದವು, ಕಾರ್ಡಿಫ್‌ನ ಕಥೇಸ್ 1859ರದ್ದು. ಅವುಗಳ ಪುಸ್ತಕ ಚರ್ಚಿನಲ್ಲಿ ಇರಲ್ಲ, ಕೌನ್ಸಿಲ್‌ನಲ್ಲಿ ಕೇಳಬೇಕು.

ಸೈನ್ಯಕ್ಕೆ ಸೇರಿದ್ದವನಾದರೆ ಅವನು ನಮ್ಮ ಕಡೆಯೇ ಮಣ್ಣಾಗಿರಬಹುದು, ಬೆಂಗಳೂರು ದಂಡು ಪ್ರದೇಶದಲ್ಲೋ ಬಳ್ಳಾರಿಯಲ್ಲೋ. ಮದ್ರಾಸ್ ಪ್ರೆಸಿಡೆನ್ಸಿಯ ಚರ್ಚುಗಳ ಪ್ರತಿಗಳು ಲಂಡನ್ನಿಗೆ ಹೋಗುತ್ತಿದ್ದವು, ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ, ಫೈಂಡ್‌ಮೈಪಾಸ್ಟ್‌ನಲ್ಲೂ ನೋಡಬಹುದು.

ಕಲ್ಲು ಓದೋದು

ಸ್ಮಶಾನಕ್ಕೆ ಬೆಳಿಗ್ಗೆ ಅಥವಾ ಸಂಜೆ ಹೋಗಿ, ಓರೆ ಬಿಸಿಲಿಗೆ ಅಕ್ಷರ ಎದ್ದು ಕಾಣುತ್ತದೆ. ಒಂದು ಬಾಟಲಿ ನೀರು, ಮೆತ್ತನೆ ಬ್ರಷ್ ಸಾಕು. ಸೀಮೆಸುಣ್ಣ, ತಂತಿ ಬ್ರಷ್ ಬೇಡವೇ ಬೇಡ, ಕಲ್ಲು ಹಾಳಾಗುತ್ತದೆ. ಉತ್ತರದ ಸ್ಲೇಟು ಕಲ್ಲಿನ ಮೇಲೆ ಇನ್ನೂರು ವರ್ಷದ ಬರಹವೂ ನಿನ್ನೆ ಕೆತ್ತಿದ ಹಾಗಿರುತ್ತದೆ. ಮರಳುಗಲ್ಲು ಪದರಪದರ ಎದ್ದುಹೋಗಿರುತ್ತದೆ.

"ಎರ್ ಕೋವ್ ಆಮ್" ಅಂದರೆ ಇಂಥವರ ನೆನಪಿಗೆ. "ಮಾಬ್" ಮಗ, "ಮೆರ್ಖ್" ಮಗಳು, "ಗ್ವ್ರೈಗ್" ಹೆಂಡತಿ, "ಗ್ವೆದು" ವಿಧವೆ, "ಹೆವಿಡ್" ಅಂದರೆ ಸಹ, ಕೂಡ. ವಯಸ್ಸಿನ ಮುಂದೆ "ಮ್ಲುಯಿದ್ ಓಯ್ಡ್". ಇದರ ಮೂಲ ಪದ "ಬ್ಲುಯಿದ್". ವೆಲ್ಷ್‌ನಲ್ಲಿ ಹಿಂದಿನ ಪದ ನೋಡಿಕೊಂಡು ಮುಂದಿನ ಪದದ ಮೊದಲ ಅಕ್ಷರ ಬದಲಾಗುತ್ತದೆ. ನಮ್ಮಲ್ಲಿ ಬೆಟ್ಟಕ್ಕೆ ತಾವರೆ ಸೇರಿದರೆ ಬೆಟ್ಟದಾವರೆ ಆಗುತ್ತಲ್ಲ, ಹೆಚ್ಚು ಕಡಿಮೆ ಹಾಗೆ. ಊರು ಬ್ರಿನ್-ಗ್ಲಾಸ್, ಕಲ್ಲಿನ ಮೇಲೆ "ವ್ರಿನ್-ಗ್ಲಾಸ್" ಅಥವಾ "ಮ್ರಿನ್-ಗ್ಲಾಸ್" ಅಂತ ಇರಬಹುದು. ಮ್ಯಾಪಿನಲ್ಲಿ ಇಲ್ಲ ಅಂತ ಬಿಡಬೇಡಿ, ಮೊದಲ ಅಕ್ಷರ ಬದಲಿಸಿ ನೋಡಿ.

ಇನ್ನೆರಡು ಜಾಗ ಹೇಳಿಬಿಡುತ್ತೇನೆ. ರಾಷ್ಟ್ರೀಯ ಗ್ರಂಥಾಲಯದ ಹಳೇ ಪತ್ರಿಕೆಗಳ ತಾಣದಲ್ಲಿ 1919ರವರೆಗಿನ ಪತ್ರಿಕೆಗಳು ಪೂರ್ತಿ ಉಚಿತ, ಸಾವಿನ ಸುದ್ದಿಯಲ್ಲಿ ಮಕ್ಕಳು ಅಳಿಯಂದಿರು ಎಲ್ಲರೂ ಬರುತ್ತಾರೆ. 1858ಕ್ಕೆ ಮುಂಚಿನ ಉಯಿಲುಗಳೂ ಅಲ್ಲೇ ಉಚಿತ. ಬಡವರು ಉಯಿಲು ಬರೆಯಲ್ಲ ಅಂದುಕೊಂಡಿದ್ದೆ. ಆದರೆ ನಾಲ್ಕು ಹಸು ಇದ್ದವರೂ ಬರೆದಿದ್ದಾರೆ.

ಸಿಕ್ಕಿದ್ದನ್ನೆಲ್ಲ ಪ್ಯಾರಿಷ್, ವರ್ಷ, ಪುಟ, ನಮೂದು ಸಂಖ್ಯೆ ಸಮೇತ ಬರೆದಿಡಿ. ಚಿಕ್ಕ ವಯಸ್ಸಿಗೆ ಸತ್ತ ಮಕ್ಕಳನ್ನೂ ಚಾರ್ಟಿಗೆ ಸೇರಿಸಿ, ಮಣ್ಣು ಮಾಡಿದ ವರ್ಷ ಹಾಕಿ. ಯಾಕೆ ಅಂದರೆ ಆನ್‌ಲೈನ್‌ನಲ್ಲಿ ಬೇರೆಯವರು ಹಾಕಿರೋ ವಂಶವೃಕ್ಷಗಳಲ್ಲಿ 1812ರ ಆ ಡೇವಿಡ್‌ನನ್ನು ನಾನು ಐದು ಕಡೆ ನೋಡಿದೆ. ಮೂರು ವರ್ಷಕ್ಕೆ ಹೋದ ಮಗುವಿಗೆ ಒಂದು ಕಡೆ ಮದುವೆ ಆಗಿದೆ, ಇನ್ನೊಂದು ಕಡೆ ಎಂಟು ಮಕ್ಕಳು. ಐವರಿಗೂ 1815ರ ಪುಟದ ಫೋಟೋ ಕಳಿಸಿದೆ. ಒಬ್ಬರು ತಿದ್ದಿಕೊಂಡರು.